ಅದೇ ನಂಬರಿನ ಮನೆಗಳು

ನಮ್ಮೂರಿನಿಂದ ಹೊರಗೆ ಹೋದವರಿಗೆ ಮತ್ತೆ ಊರು ಸಿಗುವುದಿಲ್ಲ. ಕಾಣಿಸುತ್ತದೆ, ಸಿಗುವುದಿಲ್ಲ. ಕೆರೆಯ ಏರಿಯ ಮೇಲೆ ಊರ ಕಡೆ ಮುಖ ಮಾಡಿ ಹೊರಟರೆ ಹುಣಸೆಮರ ಬರುತ್ತದೆ, ತೂಬು ಬರುತ್ತದೆ, ಬಟ್ಟೆ ಒಗೆಯುವ ಕಲ್ಲು ಬರುತ್ತದೆ, ಆಮೇಲೆ ಒಂದು ತಿರುವು. ತಿರುವು ಕಳೆದರೆ ನಾವು ಹೊರಟ ದಿಬ್ಬವೇ ಮತ್ತೆ ಎದುರಿಗೆ. ಹೊರಗಿನ ವ್ಯಾಪಾರಿಗಳು ಬರುತ್ತಾರೆ, ಹೋಗುತ್ತಾರೆ. ಅವರಿಗೆ ಈ ತೊಂದರೆ ಇಲ್ಲ. ಊರಿನವರು ಮತ್ತು ಊರಿನ ವಸ್ತು ಒಮ್ಮೆ ಏರಿ ದಾಟಿದರೆ ಮುಗಿಯಿತು. ವ್ಯಾಪಾರಿಯ ಗಂಟಿನಲ್ಲಿಟ್ಟು ಊರಿಗೆ ವಾಪಸು ಕಳಿಸಿದ ಬಳೆ ಕೂಡ ಗಂಟಿನಿಂದ ಜಾರಿ ತೂಬಿನ ಹತ್ತಿರ ಬಿದ್ದಿರುತ್ತದೆ. ನೆಲದೊಳಗೆ ಹಾಯ್ದಿರುವ ತಂತಿ ಮಾತ್ರ ಆಚೆಗೂ ಈಚೆಗೂ ಕೆಲಸ ಮಾಡುತ್ತದೆ. ಯಾಕೆ ಹೀಗೆ ಅಂತ ಸಣ್ಣವಳಿದ್ದಾಗ ಅಮ್ಮನನ್ನು ಕೇಳಿದ್ದೆ. "ಸುಮ್ನೆ ಊಟ ಮಾಡು" ಅಂದಿದ್ದಳು.

ಹಾಗೆ ಹೊರಗೆ ಬಂದವರಲ್ಲಿ ಬಹಳ ಜನ ಕೆರೆಯ ಈಚೆ ದಿಬ್ಬದ ಮೇಲೆ ಮನೆ ಕಟ್ಟಿಕೊಂಡಿದ್ದೇವೆ. ಬೇರೆ ಕಡೆ ಹೋಗಿ ಬದುಕಬಹುದು, ಹೋದವರೂ ಇದ್ದಾರೆ. ಆದರೆ ದಿಬ್ಬದಿಂದ ಊರಿನ ಮುಂಭಾಗ ಕಾಣುತ್ತದೆ. ಬೆಳಿಗ್ಗೆ ಹಲ್ಲುಜ್ಜುವಾಗ ಎಲ್ಲರೂ ಆ ಕಡೆಗೇ ನಿಂತಿರುತ್ತಾರೆ. ಒಳಗಿನವರು ಮಾಳಿಗೆಯ ಮೇಲೆ ಬಟ್ಟೆ ಒಣಹಾಕುವಾಗ ನಮ್ಮನ್ನು ನೆನೆಸಿಕೊಂಡೇ ಹಾಕುತ್ತಾರೆ. ಮನೆಯಲ್ಲಿ ಮದುವೆ ನಿಶ್ಚಯವಾದರೆ ಹಳದಿ, ಯಾರಿಗಾದರೂ ಹುಷಾರಿಲ್ಲದಿದ್ದರೆ ಕಂದು. ಮೊದಮೊದಲು ಬಂದವರು ಅದನ್ನು ನೋಡಿ ಅಳುತ್ತಾರೆ. ಆಮೇಲೆ, "ಅಯ್ಯೋ, ಆ ಬೆಡ್‌ಶೀಟ್ ಇನ್ನೂ ಬಿಸಾಡಿಲ್ವಾ" ಅನ್ನುವುದನ್ನು ಕಲಿಯುತ್ತಾರೆ.

ನನ್ನ ಹೆಸರು ಶಾಂಭವಿ. ಊರಿನ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸುತ್ತಿದ್ದವಳು. ತುಂಗಾ ಎಂಬ ಹುಡುಗಿಗೆ ಗಂಡು ಮಗು ಹುಟ್ಟಿತು. ಮಗು ಚೆನ್ನಾಗಿತ್ತು, ಆದರೆ ತಾಯಿಗೆ ರಕ್ತ ನಿಲ್ಲಲಿಲ್ಲ. ಹೊರಗಿನ ದೊಡ್ಡಾಸ್ಪತ್ರೆಗೆ ಒಯ್ಯಲೇಬೇಕಾಯಿತು. ದಾರಿಯುದ್ದಕ್ಕೂ ಯಾರಾದರೂ ಅವಳ ಹೊಟ್ಟೆಯನ್ನು ಒತ್ತಿ ಹಿಡಿದುಕೊಂಡಿರಬೇಕಿತ್ತು, ನಾನು ಹಿಡಿದಿದ್ದ ಕೈ ಬಿಡಲಿಲ್ಲ, ಹಾಗೆಯೇ ವ್ಯಾನು ಹತ್ತಿದೆ. ನನ್ನ ಗಂಡ ಇಂದುಧರ ಅದೇ ಆಸ್ಪತ್ರೆಯಲ್ಲಿ ಕಂಪ್ಯೂಟರು, ತಂತಿ ಎಲ್ಲ ನೋಡಿಕೊಳ್ಳುವವರು. ಓಡಿಬಂದು ವ್ಯಾನಿನ ಕಿಟಕಿ ಹಿಡಿದರು. ಹೋಗಬೇಡ ಅನ್ನಲಿಲ್ಲ. ಆಸ್ಪತ್ರೆಯ ಲ್ಯಾಪ್‌ಟಾಪ್ ಬ್ಯಾಗನ್ನು ಒಳಗೆ ತಳ್ಳಿ, "ಇದಾದ್ರೂ ಜೊತೇಲಿರ್ಲಿ" ಅಂದರು. ವ್ಯಾನು ಏರಿ ಹತ್ತಿತು.

ತುಂಗಾ ಬದುಕಿದಳು. ಆದರೆ ಅವಳೂ ಹೊರಗಿನವಳಾದಳು, ನಾನೂ ಆದೆ. ದಿಬ್ಬದ ಮೇಲೆ ಒಂದೇ ಮನೆಯಲ್ಲಿ ಇಬ್ಬರೂ ಇದ್ದೇವೆ. ಅವಳ ಮಗು ಮೈಲಾರಿ ಒಳಗೆ ಅಜ್ಜಿ ಓಬಮ್ಮನ ಕೈಯಲ್ಲಿ ಬೆಳೆಯುತ್ತಿದ್ದಾನೆ. ನಮ್ಮೂರಲ್ಲಿ ಒಂದು ಕಟ್ಟಳೆ ಇದೆ. ಎಳೆಮಕ್ಕಳನ್ನು ಯಾರೂ ಹೊರಗೆ ಎತ್ತಿಕೊಂಡು ಹೋಗುವಂತಿಲ್ಲ. ಮಗು ದೊಡ್ಡದಾಗಿ, ಏರಿಯ ಮೇಲೆ ನಿಂತು ತನ್ನ ಬಾಯಲ್ಲೇ "ಹೋಗ್ತೀನಿ" ಅನ್ನಬೇಕು. ತುಂಗಾಳ ಗಂಡ ದ್ಯಾಮಣ್ಣ ಊರಿಗೆ ನೀರು ಬಿಡುವವನು. ಮಗುವನ್ನೂ ಮುದುಕಿಯನ್ನೂ ಬಿಟ್ಟು ಬರಲಾರದೆ ಅಲ್ಲೇ ಉಳಿದಿದ್ದಾನೆ. ಹಾಗಾಗಿ ತುಂಗಾ ಕಾಯುತ್ತಿದ್ದಾಳೆ. ಒಂದು ದಿನ ಮಗ ಹೋಗ್ತೀನಿ ಅನ್ನಬೇಕಾದರೆ, ಯಾರ ಹತ್ತಿರ ಹೋಗುವುದು ಎಂದು ಅವನಿಗೆ ಗೊತ್ತಿರಬೇಕಲ್ಲ?

ಅದಕ್ಕೆ ಇದ್ದ ದಾರಿ ಆ ಲ್ಯಾಪ್‌ಟಾಪು. ಅದರಲ್ಲಿ ವಿಪಿಎನ್ ಅಂತ ಒಂದಿದೆ, ನಾವೆಲ್ಲ ಟನಲ್ ಅನ್ನುತ್ತೇವೆ. ಗುಂಡಿ ಒತ್ತಿದರೆ ತಂತಿಯೊಳಗೆ ನಮಗೆಂದೇ ಒಂದು ಸುರಂಗ ತೆರೆದುಕೊಂಡು, ಲ್ಯಾಪ್‌ಟಾಪು ನಮ್ಮ ಊರಿನ ಆಸ್ಪತ್ರೆಯೊಳಗೇ ಕೂತಂತೆ ಕೆಲಸ ಮಾಡುತ್ತದೆ. ಒಳಗೆ ಹೆರಿಗೆಯಾಗುವಾಗ ಮಗುವಿನ ಎದೆಬಡಿತದ ಗೆರೆ ನನ್ನ ಮುಂದೆ ಓಡುತ್ತದೆ. ನರ್ಸ್ ಸರೋಜಿನಿಗೆ ಇಲ್ಲಿಂದಲೇ ಹೇಳಿಕೊಡುತ್ತೇನೆ. ಗುರುವಾರ ಮಕ್ಕಳ ತೂಕ ನೋಡುವ ದಿನ. ಓಬಮ್ಮ ಮೈಲಾರಿಯನ್ನು ಎತ್ತಿಕೊಂಡು ಬಂದು ಮಕ್ಕಳ ಕೋಣೆಯ ಕ್ಯಾಮೆರಾದ ಮುಂದೆ ಕೂರುತ್ತಾಳೆ, ಅದರ ಜೊತೆಗಿರುವ ಪರದೆಯಲ್ಲಿ ನಮ್ಮ ಮುಖ ಅವರಿಗೆ ಕಾಣುತ್ತದೆ. ತುಂಗಾ ಆ ದಿನ ಬೆಳಿಗ್ಗೆಯೇ ತಲೆಗೆ ಸ್ನಾನ ಮಾಡಿ, ಹೂ ಮುಡಿದು, ಲ್ಯಾಪ್‌ಟಾಪಿನ ಮುಂದೆ ಬಂದು ಕೂರುತ್ತಾಳೆ.

ಒಂದು ಗುರುವಾರ ಟನಲ್ ತೆರೆಯಿತು, ಆದರೆ ಊರು ಬರಲಿಲ್ಲ. ಮೂಲೆಯಲ್ಲಿ ಬೀಗದ ಗುರುತು ಹಸಿರಾಗಿಯೇ ಇತ್ತು. ಕನೆಕ್ಟೆಡ್ ಅಂತ ಬರೆದೂ ಇತ್ತು. ಆಸ್ಪತ್ರೆಯ ಪುಟ ಮಾತ್ರ ಸುತ್ತಿ ಸುತ್ತಿ ನಿಂತುಬಿಟ್ಟಿತು. ಲ್ಯಾಪ್‌ಟಾಪು ಆರಿಸಿ ಹಚ್ಚಿದೆ, ಟನಲ್ ಮುಚ್ಚಿ ತೆಗೆದೆ. ತುಂಗಾ ಹೂ ಬಾಡುವವರೆಗೂ ಕೂತಿದ್ದಳು. "ಅಕ್ಕಾ, ಅವರು ಕಾದು ಕಾದು ಎದ್ದು ಹೋಗಿರ್ತಾರೆ ಅಲ್ವಾ?" ಅಂದಳು.

ದಿಬ್ಬದ ಮೇಲೆ ಮೊಬೈಲು ಹಿಡಿಯುವುದಿಲ್ಲ. ಊರಿಗೆ ಮಾತಾಡಬೇಕಾದರೆ ಟೀ ಅಂಗಡಿಯಲ್ಲಿ ಒಂದು ಹಳೆಯ ಫೋನಿದೆ. ಬೆಂಚಿನ ಮೇಲೆ ಕೂತವರಿಗೆಲ್ಲ ನಮ್ಮ ಮಾತು ಕೇಳಿಸುತ್ತದೆ. ಹಾಗಾಗಿ ನಾನೂ ನನ್ನ ಗಂಡನೂ ಆ ಫೋನಿನಲ್ಲಿ ಕೆಲಸದ ಮಾತು ಬಿಟ್ಟು ಬೇರೆ ಆಡಿದವರಲ್ಲ. ಲ್ಯಾಪ್‌ಟಾಪನ್ನು ಅಂಗಡಿಯ ಬಿಸ್ಕತ್ತಿನ ಡಬ್ಬಗಳ ನಡುವೆ ಇಟ್ಟುಕೊಂಡು ಫೋನು ಹಚ್ಚಿದೆ, ತುಂಗಾ ಪಕ್ಕದಲ್ಲೇ ನಿಂತಳು.

"ಬೀಗ ಹಸಿರಾಗಿದೆಯಾ?" ಎಂದರು ಇಂದುಧರ. "ಹಸಿರಾಗೇ ಇದೆ ರೀ." "ಹಾಗಾದ್ರೆ ಕಪ್ಪು ಕಿಟಕಿ ತೆಗೆದು ಪಿಂಗ್ ಹೊಡಿ, ನಂಬರ್ ಹೇಳ್ತೀನಿ." ಪಿಂಗ್ ಅಂದರೆ ಒಂದು ಯಂತ್ರದ ನಂಬರಿಗೆ ಇದ್ದೀಯಾ ಅಂತ ಕೂಗು ಹಾಕುವುದು. ಇದ್ದೀನಿ ಅಂತ ಉತ್ತರ ಬಂದರೆ, ಬರಲು ಎಷ್ಟು ಹೊತ್ತಾಯಿತು ಅಂತಲೂ ಸೆಕೆಂಡಿನ ಸಾವಿರದ ಪಾಲಿನಲ್ಲಿ ತೋರಿಸುತ್ತದೆ. ಅವರು ಹೇಳಿದ ಆಸ್ಪತ್ರೆಯ ನಂಬರು ಒತ್ತಿದೆ. ಸಾಲುಸಾಲಾಗಿ ಉತ್ತರ ಬಂತು. ನನಗೆ ಖುಷಿಯಾಗಿ, "ಬರ್ತಾ ಇದೆ ರೀ!" ಅಂದೆ. "ಎಷ್ಟು ಹೊತ್ತು ತೋರಿಸ್ತಿದೆ?" "ಒಂದು. ಎಲ್ಲಾ ಸಾಲಲ್ಲೂ ಒಂದೇ."

ಆ ಕಡೆ ಆಸ್ಪತ್ರೆಯ ಫ್ಯಾನಿನ ಕಿರುಗುಟ್ಟುವಿಕೆ ಕೇಳಿಸುತ್ತಿತ್ತು. ಅದು ಅವರ ಮೇಜಿನ ಮೇಲಿನ ಫ್ಯಾನು, ನನಗೆ ಗೊತ್ತು. "ಅದು ನಾವಲ್ಲ ಶಾಂಭವಿ" ಎಂದರು. "ಇಲ್ಲಿಂದ ನಿಂಗೆ ಉತ್ತರ ಬರ್ಬೇಕಾದ್ರೆ ಕಮ್ಮಿ ಅಂದ್ರೂ ನಲವತ್ತು ತೋರಿಸ್ಬೇಕು. ಇಷ್ಟು ಬೇಗ ಉತ್ತರ ಕೊಡ್ತಿರೋದು ನಿನ್ನ ಪಕ್ಕದಲ್ಲೇ ಇರೋ ಯಾವ್ದೋ. ಮಕ್ಕಳ ಕೋಣೆ ಕ್ಯಾಮೆರಾ ನಂಬರ್ ಹಾಕಿ ನೋಡು, ಏನು ಕಾಣುತ್ತೆ."

ಹಾಕಿದೆ. ಚಿತ್ರ ತೆರೆದುಕೊಂಡಿತು. ಒಂದು ಕೋಳಿಗೂಡು. ಕಂದು ಬಣ್ಣದ ಹೇಂಟೆಯೊಂದು ಕ್ಯಾಮೆರಾದ ಹತ್ತಿರಕ್ಕೆ ಬಂದು ಒಂದೇ ಕಣ್ಣಲ್ಲಿ ನಮ್ಮನ್ನು ನೋಡಿತು. ಬೆಂಚಿನವರೆಲ್ಲ ಎದ್ದುಬಂದು ನಗತೊಡಗಿದರು. "ಹಾಲಪ್ಪಣ್ಣನ ಕೋಳಿ ಕಣ್ರೋ!" ತುಂಗಾಳೂ ನಕ್ಕಳು. ನಗುತ್ತಿದ್ದ ಹಾಗೆಯೇ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಂಗಡಿಯ ಹಿಂದಕ್ಕೆ ಹೋದಳು.

ಹಾಲಪ್ಪಣ್ಣ ಒಂದು ಕಾಲಕ್ಕೆ ಊರಿನ ಲೈನ್‌ಮನ್. ಊರಿನ ಮನೆಮನೆಗೂ ತಂತಿ ಎಳೆದು, ಪ್ರತಿ ಮನೆಯ ಯಂತ್ರಕ್ಕೂ ನಂಬರು ಕೊಟ್ಟವನು ಅವನೇ. ತಮ್ಮನ ಮಣ್ಣಿಗೆಂದು ಹೊರಗೆ ಬಂದವನು ಇಲ್ಲೇ ಉಳಿದ. ಒಳಗಿದ್ದ ಹೆಂಡತಿ ಸಿದ್ದಮ್ಮ ಆಮೇಲೆ ತೀರಿಕೊಂಡಳು. ದಿಬ್ಬದ ಮೇಲೆ ಬೀದಿಗಳನ್ನು ಊರಿನಲ್ಲಿದ್ದ ಹಾಗೆಯೇ ಮಾಡಿಸಿದ್ದು, ಯಾರ ಮನೆ ಒಳಗೆ ಎಲ್ಲಿತ್ತೋ ಇಲ್ಲೂ ಅಲ್ಲೇ ಬರಬೇಕು, ಬಾಗಿಲ ನಂಬರೂ ಅದೇ ಇರಬೇಕು ಅಂತ ಹಟ ಹಿಡಿದದ್ದು ಅವನೇ. ಎಲ್ಲರಿಗೂ ಅದು ಇಷ್ಟವಾಗಿತ್ತು. ನನಗೂ. ಮೊದಲು ನನ್ನ ಮನೆಗೆ ಮಾತ್ರ ಒಂದು ಇಂಟರ್‌ನೆಟ್ ಲೈನ್ ಇತ್ತು. ಹಾಲಪ್ಪಣ್ಣ ಅದನ್ನು ತನ್ನ ಮನೆಯ ಪೆಟ್ಟಿಗೆಗೆ ತಿರುಗಿಸಿಕೊಂಡು ಅಲ್ಲಿಂದ ಎಲ್ಲ ಮನೆಗೂ ಹಂಚುತ್ತೇನೆ ಅಂದಾಗ ನಾನೇ ಒಪ್ಪಿದ್ದೆ. ಆ ವಾರವಷ್ಟೇ ಕೆಲಸ ಮುಗಿಸಿದ್ದ. ಯಂತ್ರಗಳಿಗೂ ಊರಿನ ಯಂತ್ರಗಳ ನಂಬರನ್ನೇ, ಒಂದೂ ತಪ್ಪದಂತೆ, ನೆನಪಿನಿಂದ ಕೊಟ್ಟಿದ್ದ. ಊರಿನಲ್ಲಿ ಆಸ್ಪತ್ರೆ ಇರುವ ಮೂಲೆಯಲ್ಲಿ ಇಲ್ಲಿ ಅವನ ಕೋಳಿಗೂಡಿತ್ತು. ನರಿ ಕಾಟಕ್ಕೆ ಅಂತ ಅಲ್ಲೊಂದು ಕ್ಯಾಮೆರಾ ಇಟ್ಟಿದ್ದ.

ಫೋನಿನಲ್ಲಿ ಇದನ್ನೆಲ್ಲ ಕೇಳಿ ಇಂದುಧರ ಹೇಳಿದರು, "ಗೊತ್ತಾಯ್ತು ಬಿಡು. ಲ್ಯಾಪ್‌ಟಾಪು ಹತ್ತಿರ ಇರೋದನ್ನ ಮೊದ್ಲು ನೋಡುತ್ತೆ. ಅದೇ ನಂಬರ್ ದಿಬ್ಬದಲ್ಲೇ ಸಿಕ್ತಲ್ಲ, ಊರು ಇಲ್ಲೇ ಇದೆ ಅಂದ್ಕೊಂಡುಬಿಟ್ಟಿದೆ. ಇಲ್ಲೇ ಇದ್ದ ಮೇಲೆ ಟನಲ್‌ಗೆ ಯಾಕೆ ಹೋಗುತ್ತೆ?" "ಅದಕ್ಕೆ ದಾರಿ ಹೇಳಿಕೊಡೋಕೆ ಆಗಲ್ವಾ?" "ಆಗುತ್ತೆ. ಆದ್ರೆ ಲ್ಯಾಪ್‌ಟಾಪು ಆಸ್ಪತ್ರೆದು, ಅಂಥದ್ದನ್ನೆಲ್ಲ ನಾನು ಇಲ್ಲಿಂದಲೇ ಬದಲಾಯಿಸ್ಬೇಕು. ಬದಲಾಯಿಸೋಕೆ ಟನಲ್ ಬೇಕು. ಬದಲಾಯಿಸಿದ್ರೂ ಹಾಲಪ್ಪಣ್ಣನ ಪೆಟ್ಟಿಗೆ ನಂಬರೂ ಊರಿಂದೇ, ದಿಬ್ಬಕ್ಕೆ ಬಂದ್ರೆ ಮತ್ತೆ ಗೊಂದಲ." ಆಮೇಲೆ, "ಹಾಲಪ್ಪಣ್ಣಂಗೆ ಹೇಳು. ದಿಬ್ಬದ ನಂಬರೆಲ್ಲ ಬೇರೆ ಮಾಡ್ಲಿ. ಬೇರೆ ಯಾವ ಸರಣಿ ಆದ್ರೂ ನಡೆಯುತ್ತೆ, ಊರಿಂದು ಮಾತ್ರ ಬೇಡ" ಅಂದರು.

ಹಾಲಪ್ಪಣ್ಣ ಅಂಗಳದಲ್ಲಿ ಕೂತು ಕೋಳಿಗೆ ನುಚ್ಚು ಹಾಕುತ್ತಿದ್ದ. ನಾನು ಹೇಳಿದ್ದನ್ನು ಪೂರ್ತಿ ಕೇಳಿದ. ಅವನಿಗೆ ಅರ್ಥವಾಗದ ವಿಷಯವೇನಲ್ಲ. ನಾನು ಮುಗಿಸುವ ಮೊದಲೇ ಅವನಿಗೆ ಹೊಳೆದಿತ್ತು, ಮುಖ ನೋಡಿದರೆ ತಿಳಿಯುತ್ತಿತ್ತು. "ಆಗಲ್ಲಮ್ಮ" ಅಂದ. "ಬರೀ ಯಂತ್ರದ ನಂಬರ್ ಅಣ್ಣಾ, ಬಾಗಿಲ ನಂಬರ್ ಇದ್ದ ಹಾಗೇ ಇರ್ಲಿ." "ನಂಗೆ ಎರಡೂ ಒಂದೇ. ಕಣ್ಣು ಮುಚ್ಕೊಂಡ್ರೆ ತಂತಿ ಎಲ್ಲಿಂದ ಎಲ್ಲಿಗೋಗ್ತದೆ, ಯಾರ ಮನೆ ಯಾವ ನಂಬರು, ಎಲ್ಲಾ ಹಂಗೇ ಐತೆ. ಅದನ್ನೂ ಅಳಿಸಾಕಿದ್ರೆ ನಾನು ಯಾವೂರೋನು ಅಂತ ಹೇಳ್ಲಿ?" ನಾನು ತುಂಗಾಳ ಮಾತೆತ್ತಿದೆ. ಅವನು ನುಚ್ಚಿನ ಬಟ್ಟಲನ್ನು ಕೊಡವಿ ಎದ್ದು ಒಳಗೆ ಹೋದ.

ದಿಬ್ಬದವರು ಎರಡು ಪಾಲಾದರು. ತುಂಗಾಳನ್ನು ನೋಡಿ ಅಯ್ಯೋ ಅನ್ನುವವರೇ ಸಂಜೆ ಬಂದು, "ನಂಬರ್ ಬದಲಾಯಿಸೋದು ಬೇಡ ಕಣಮ್ಮ, ಏನೋ ಒಂದು ಸಮಾಧಾನ" ಅನ್ನುತ್ತಿದ್ದರು. ಯಾರ ಮೇಲೆ ಸಿಟ್ಟಾಗುವುದು? ನನ್ನ ಮನೆಯ ಬಾಗಿಲಿಗೂ ನಾನು ಅದೇ ನಂಬರು ಬರೆಸಿದ್ದೆ. ದಿನಾ ಬೀಗ ತೆಗೆಯುವಾಗ ಅದನ್ನು ನೋಡಿದರೆ ಒಳಗೆ ಇಂದುಧರ ಇರಬಹುದು ಅಂತ ಅರೆಕ್ಷಣ ಅನ್ನಿಸುತ್ತಿತ್ತು. ಆ ಅರೆಕ್ಷಣಕ್ಕಾಗಿ ನಾನು ಸಂತೆಯಿಂದ ಬೇಗ ಬೇಗ ನಡೆದು ಬಂದದ್ದೂ ಇದೆ.

ಅಷ್ಟರಲ್ಲಿ ಒಂದು ಮಧ್ಯಾಹ್ನ ಟೀ ಅಂಗಡಿಯವನು ಓಡಿಬಂದ. "ಅಕ್ಕಾ, ಆಸ್ಪತ್ರೆಯಿಂದ ಫೋನು. ಸರೋಜಿನಿ ಅಳ್ತಾ ಇದಾಳೆ." ಹೋಗಿ ಹಿಡಿದೆ. ಚೊಚ್ಚಲ ಹೆರಿಗೆ, ಮಗುವಿನ ತಲೆ ಬಂದು ಭುಜ ಸಿಕ್ಕಿಕೊಂಡಿತ್ತು. ಟನಲ್ ಇದ್ದಿದ್ದರೆ ನಾನು ನೋಡುತ್ತಿದ್ದೆ. ಈಗ ನನ್ನ ಕಣ್ಣೆಲ್ಲ ಸರೋಜಿನಿಯ ಬಾಯಿ. "ಅಳು ನಿಲ್ಸು. ಕೈ ಎಲ್ಲಿದೆ ನಿಂದು? ಹೇಳು" ಅಂದೆ. ಹೆರುವವಳ ಮಂಡಿಗಳನ್ನು ಹೊಟ್ಟೆಯ ಮೇಲಕ್ಕೆ ಮಡಚಿ ಹಿಡಿಯಲು ಹೇಳು, ಇನ್ನೊಬ್ಬರಿಗೆ ಕಿಬ್ಬೊಟ್ಟೆಯ ಮೇಲೆ ಓರೆಯಾಗಿ ಒತ್ತಲು ಹೇಳು, ಎಳೆಯಬೇಡ, ತಲೆಯನ್ನು ಮಾತ್ರ ಎಳೆಯಬೇಡ. ನಾನು ಕೂಗುತ್ತಿದ್ದೆನೋ ಪಿಸುಗುಟ್ಟುತ್ತಿದ್ದೆನೋ ಗೊತ್ತಿಲ್ಲ. ಅಂಗಡಿಯವನು ಒಲೆ ಆರಿಸಿದ. ಬೆಂಚಿನವರು ಗ್ಲಾಸು ಹಿಡಿದ ಕೈ ಹಾಗೆಯೇ ನಿಲ್ಲಿಸಿದರು. ಅವರ ನಡುವೆ ಹಾಲಪ್ಪಣ್ಣನೂ ಇದ್ದ. ಬಹಳ ಹೊತ್ತು ಫೋನಿನಲ್ಲಿ ಏನೂ ಕೇಳಿಸಲಿಲ್ಲ. ಆಮೇಲೆ ಮಗು ಅತ್ತಿತು. ಅಷ್ಟು ಸಣ್ಣ ಶಬ್ದ ಬೆಂಚಿನ ಕೊನೆಯವರೆಗೂ ಕೇಳಿಸಿತು.

ನಾನು ಅಲ್ಲೇ ಬಿಸ್ಕತ್ತಿನ ಡಬ್ಬದ ಪಕ್ಕ ನೆಲದ ಮೇಲೆ ಕೂತೆ. ಹಾಲಪ್ಪಣ್ಣ ತನ್ನ ಟೀಯನ್ನು ನನ್ನ ಮುಂದಿಟ್ಟ. "ಇದು ಮಾಮೂಲಿನಂಗೆ ಟನಲ್‌ನಲ್ಲಿ ನೋಡ್ಕಂಡು ಮಾಡೋದಾ?" ಎಂದು ಕೇಳಿದ. ಹೌದು ಅಂದೆ.

ಗುರುವಾರ ನಾನೂ ತುಂಗಾಳೂ ಬಸ್ಸಿನಲ್ಲಿ ಪೇಟೆಗೆ ಹೊರಟೆವು. ಪೇಟೆಯ ಹೋಟೆಲಿನಲ್ಲಿ ವೈಫೈ ಇದೆ, ಅಲ್ಲಿನ ನಂಬರು ಬೇರೆ ಇರುತ್ತದೆ, ಅಲ್ಲಿಂದ ಒಮ್ಮೆ ನೋಡಿ ಅಂತ ಇಂದುಧರ ಹೇಳಿದ್ದರು. ಬಸ್ಸು ಹೊರಡುವಾಗ ಹಾಲಪ್ಪಣ್ಣ ಒಗೆದ ಅಂಗಿ ಹಾಕಿಕೊಂಡು ಬಂದು ಹಿಂದಿನ ಸೀಟಿನಲ್ಲಿ ಕೂತ. "ಪ್ಯಾಟೆಗೆ ಒಸಿ ಕೆಲ್ಸ ಐತೆ" ಅಂದ. ಹೋಟೆಲಿನವರೆಗೂ ನಮ್ಮ ಹಿಂದೆಯೇ ಬಂದ.

ಹೋಟೆಲಿನ ಮಹಡಿಯ ಮೂಲೆಯ ಮೇಜಿನಲ್ಲಿ ಕೂತು ಖಾಲಿ ದೋಸೆ ತರಿಸಿ ಲ್ಯಾಪ್‌ಟಾಪು ತೆರೆದೆ. ಹಸಿರು ಬೀಗ. ಪಿಂಗ್ ಹೊಡೆದೆ. ಉತ್ತರ ತಡವಾಗಿ ಬಂತು, ಐವತ್ತು, ಐವತ್ತೆರಡು. ಆ ತಡವನ್ನು ತುಂಗಾಳಿಗೆ ಬೆರಳಿಟ್ಟು ತೋರಿಸಿದೆ, ಊರಿನದೇ. ಮಕ್ಕಳ ಕೋಣೆ ತೆರೆಯಿತು. ಓಬಮ್ಮ ಗೋಡೆಗೊರಗಿ ಕೂತಿದ್ದಳು. ಮೈಲಾರಿ ತೂಕದ ತಟ್ಟೆಯಿಂದ ಇಳಿಯಲೊಲ್ಲದೆ ರಂಪ ಮಾಡುತ್ತಿದ್ದ. ಅವನು "ಅವ್ವಾ" ಎಂದು ಕೂಗಿದ. ತುಂಗಾ ಮೇಜಿಗೆ ಬಾಗಿದಳು. ಅವನು ಕರೆದದ್ದು ಅಜ್ಜಿಯನ್ನು. ಓಬಮ್ಮ ಅವನನ್ನು ಎತ್ತಿಕೊಂಡು ಕ್ಯಾಮೆರಾದ ಕಡೆ ತಿರುಗಿಸಿ, "ಅಲ್ನೋಡು, ನಿಮ್ಮವ್ವ ಅಲ್ಲವಳೆ, ಕರಿ" ಅಂದಳು. ಅವನು ಅಜ್ಜಿಯ ಹೆಗಲಿಗೆ ಮುಖ ಒತ್ತಿದ. "ಎರಡು ವಾರ ಕಂಡಿಲ್ಲ ನೋಡು, ಹಂಗೇ" ಅಂತ ಓಬಮ್ಮ ತಾನೇ ತಪ್ಪು ಮಾಡಿದವಳಂತೆ ಹೇಳಿದಳು. ತುಂಗಾ, "ಇರ್ಲಿ ಅತ್ತೆ, ತಿರುಗಿಸ್ಬೇಡಿ, ಹಂಗೇ ಇರ್ಲಿ, ಬೆನ್ನು ಕಾಣ್ತೈತೆ" ಅಂದಳು.

ಹಾಲಪ್ಪಣ್ಣ ಪಕ್ಕದ ಮೇಜಿನಲ್ಲಿದ್ದ. ಅವನ ಕಾಫಿಯ ಮೇಲೆ ಕೆನೆ ಕಟ್ಟಿತ್ತು. ಇಂದುಧರ ಬಂದು ಕ್ಯಾಮೆರಾದ ಮುಂದೆ ನಿಂತಾಗ ಅವನು ಎದ್ದು ನಮ್ಮ ಹಿಂದೆ ಬಂದ. "ಇಂದುಧರಣ್ಣ, ನಾನು, ಹಾಲಪ್ಪ." "ಗೊತ್ತಾಯ್ತು ಅಣ್ಣಾ, ಹೇಗಿದ್ದೀರ?" "ಚೆನ್ನಾಗಿವ್ನಿ. ಆಸ್ಪತ್ರೆ ಹಿಂದುಗಡೆ ಬೀದಿ... ಅಲ್ಲಿಗಂಟ ಕ್ಯಾಮೆರಾ ಬರ್ತದಾ?" ಅವನ ಮನೆ ಊರಿನ ಹಿಂಭಾಗದ ಇಳಿಜಾರಿನಲ್ಲಿತ್ತು. ದಿಬ್ಬದಿಂದ ಎಷ್ಟೇ ಕತ್ತು ಚಾಚಿದರೂ ಕಾಣುವುದಿಲ್ಲ. ಹೊರಗೆ ಬಂದ ಮೇಲೆ ಅವನು ಅದನ್ನು ನೋಡಿಯೇ ಇರಲಿಲ್ಲ.

ಇಂದುಧರ ಒಂದು ಟ್ಯಾಬ್ಲೆಟ್ ಹಿಡಿದುಕೊಂಡು ಹಿಂಬಾಗಿಲಿನಿಂದ ಇಳಿದರು. ಚಿತ್ರ ಅಲ್ಲಾಡುತ್ತಿತ್ತು, ನಡುನಡುವೆ ನಿಲ್ಲುತ್ತಿತ್ತು. ಹಿಟ್ಟಿನ ಗಿರಣಿ, ನೀರಿನ ತೊಟ್ಟಿ, ಒಂದು ನಾಯಿ. ಆಮೇಲೆ ಒಂದು ಹಸಿರು ಬಾಗಿಲು, ಬೀಗ, ಬಾಗಿಲ ಪಕ್ಕ ಮಾಡಿನ ಎತ್ತರವನ್ನೂ ದಾಟಿ ಬೆಳೆದ ಸೀಬೆಗಿಡ. ಜಗಲಿಯ ತುಂಬ ಕೆಂಪಾಗಿ ಏನೋ ಹರಡಿತ್ತು. ಹಾಲಪ್ಪಣ್ಣ ನನ್ನ ಕುರ್ಚಿಯ ಬೆನ್ನು ಹಿಡಿದುಕೊಂಡ. "ಸೀಬೆ ಇಷ್ಟುದ್ದ ಆಗೈತಾ" ಅಂದ. "ಬೀಗದ ಕೈ ಪಕ್ಕದ ಮನೇಲಿದೆ, ತೆಗೆಸ್ಲಾ?" ಎಂದರು ಇಂದುಧರ. "ಬ್ಯಾಡ. ಜಗ್ಲಿ ಮ್ಯಾಲೇನದು?" "ಪಕ್ಕದೋರು ಮೆಣಸಿನಕಾಯಿ ಒಣಗ್ಹಾಕಿದಾರೆ. ಎತ್ತಿಸ್ಬೇಕಾ ಅಣ್ಣಾ?" "ಬ್ಯಾಡ ಬ್ಯಾಡ" ಎಂದ ಹಾಲಪ್ಪಣ್ಣ ಗಡಿಬಿಡಿಯಲ್ಲಿ. "ಬಿಸ್ಲು ಚೆನ್ನಾಗೈತೆ. ಒಣಗ್ಲಿ." ಅಷ್ಟು ಹೇಳಿ ಕೈ ತೊಳೆಯುವ ಕಡೆ ಹೋದವನು ಬಹಳ ಹೊತ್ತು ಬರಲಿಲ್ಲ.

ಬಸ್ಸಿನಲ್ಲಿ ವಾಪಸಾಗುವಾಗ ಅವನು ತುಂಗಾಳ ಪಕ್ಕದಲ್ಲಿ ಕೂತ. ಅರ್ಧ ದಾರಿ ಕಳೆದ ಮೇಲೆ ಹೇಳಿದ, "ಸಿದ್ದಮ್ಮ ನೆಟ್ಟ ಗಿಡ ಅದು. ನನ್ ತಲೇಲಿ ಇನ್ನೂ ಮೊಣಕಾಲುದ್ದವೇ ಇತ್ತು ನೋಡು." ತುಂಗಾ ಅವನ ಕಡೆ ತಿರುಗಿದಳು. "ಮನೆ ಅಲ್ಲೈತೆ ಕಣವ್ವ. ನಾನು ಇಲ್ಲೈತೆ, ಇಲ್ಲೈತೆ ಅಂತಿದ್ದೆ."

ಮರುದಿನ ಅವನೇ ಮನೆಮನೆಗೆ ಬಂದ. ನಂಬರು ಯಾವ ಸರಣಿಯದಾಗಬೇಕು ಅಂತ ಟೀ ಅಂಗಡಿಯ ಫೋನಿನಲ್ಲಿ ಇಂದುಧರರ ಹತ್ತಿರ ಜಗಳವಾಡುವ ಹಾಗೆ ಮಾತಾಡಿ ಗೊತ್ತುಮಾಡಿದ್ದ. ಯಂತ್ರಗಳ ನಂಬರು ಬದಲಾದರೆ ಸಾಕಿತ್ತು. ಅವನು ಬಣ್ಣದ ಡಬ್ಬವನ್ನೂ ಹಿಡಿದುಕೊಂಡೇ ಬಂದಿದ್ದ. "ಮಾಡೋದಾದ್ರೆ ಪೂರ್ತಿ ಮಾಡಾನ" ಅಂತ ಮೊದಲು ತನ್ನ ಬಾಗಿಲಿನ ನಂಬರನ್ನೇ ಅಳಿಸಿದ. ಕೆಲವರು ಬೈದರು. ಒಬ್ಬಾಕೆ ಬಾಗಿಲಿಗೆ ಅಡ್ಡ ನಿಂತು, ನಾನು ಸತ್ತ ಮೇಲೆ ಬರ್ಕೊ ಅಂದಳು. ಅವಳ ಬಾಗಿಲನ್ನು ಹಾಗೆಯೇ ಬಿಟ್ಟು, ಒಳಗಿನ ಟಿವಿಯ ನಂಬರನ್ನು ಮಾತ್ರ ಬದಲಾಯಿಸಿ ಬಂದ. ಬೀದಿಗಳಿಗೆ ಹೊಸ ಹೆಸರು ಬೇಕು ಅಂತ ಯಾರೋ ಅಂದರು. ಈಗ ಟೀ ಅಂಗಡಿಯ ಬೀದಿ, ಕೋಳಿಗೂಡಿನ ಬೀದಿ ಅಂತಲೇ ಕರೆಯುತ್ತೇವೆ. ಬೇರೆ ಹೆಸರು ಹೊಳೆದಿಲ್ಲ. ನಮ್ಮ ಬಾಗಿಲ ಮೇಲಿನ ಹಳೆಯ ನಂಬರನ್ನು ನಾನೇ ಒರೆಸಿದೆ. ಹಲಗೆಯ ಮೇಲೆ ಅಂಕಿಗಳ ಆಕಾರದಲ್ಲಿ ಬಿಸಿಲು ಬೀಳದ ಜಾಗ ಉಳಿದಿತ್ತು. ಅದರ ಮೇಲೆ ಹೊಸದನ್ನು ಬರೆಸಿಕೊಂಡೆ. ಸಂಜೆ ಬೀಗ ತೆಗೆಯುವಾಗ ಏನೂ ಅನ್ನಿಸಲಿಲ್ಲ. ಅದೇ ಹೆಚ್ಚು ನೋವಾಯಿತು.

ಗುರುವಾರ ಬೆಳಿಗ್ಗೆ ಮನೆಯಲ್ಲೇ ಲ್ಯಾಪ್‌ಟಾಪು ತೆರೆದೆವು. ಕೋಣೆ ಬಂತು, ಓಬಮ್ಮ ಬಂದಳು. ದ್ಯಾಮಣ್ಣನೂ ಆ ದಿನ ಜೊತೆಗೆ ಬಂದಿದ್ದ. ಅವನು ಬಂದಾಗಲೆಲ್ಲ ಹೆಂಡತಿಯ ಜೊತೆ ಮಾತಾಡುವುದಕ್ಕಿಂತ, ಈ ತಂತಿ ಎಲ್ಲಿಗೆ ಹೋಗುತ್ತೆ, ಈ ದೀಪ ಯಾಕೆ ಮಿನುಗುತ್ತೆ ಅಂತ ಇಂದುಧರರನ್ನು ಕೇಳುವುದೇ ಹೆಚ್ಚು. ತುಂಗಾ ಅದಕ್ಕೆ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಅವಳ ಕಡೆ ಬರುವ ದಾರಿಯನ್ನೇ ತಾನೇ ಅವನು ಕೇಳುತ್ತಿದ್ದುದು. ಮೈಲಾರಿ ಮೊದಲು ದೂರದಲ್ಲೇ ನಿಂತ. ಕೈಯಲ್ಲಿ ಅರ್ಧ ತಿಂದ ಬಿಸ್ಕತ್ತಿತ್ತು. ತುಂಗಾ ಅವನನ್ನು ಕರೆಯಲಿಲ್ಲ. ತನ್ನಷ್ಟಕ್ಕೆ ತಾನು ಹಿಂದಿನ ದಿನ ಒಡೆದ ಗಡಿಗೆಯ ಕಥೆ ಹೇಳತೊಡಗಿದಳು, ನೀರು ಹೇಗೆ ಅಡುಗೆಮನೆಯೆಲ್ಲ ಹರಿಯಿತು, ಶಾಂಭವಕ್ಕ ಹೇಗೆ ಜಾರಿ ಬಿದ್ದಳು. ಅವನು ಒಂದೊಂದೇ ಹೆಜ್ಜೆ ಹತ್ತಿರಕ್ಕೆ ಬಂದ. ಅವಳ ಬಾಯಿಯನ್ನೇ ನೋಡುತ್ತಿದ್ದ. ಆಮೇಲೆ ಕೈ ಚಾಚಿ ಬಿಸ್ಕತ್ತನ್ನು ಅವಳ ಬಾಯಿಗೆಂದು, ಪರದೆಯ ಜೊತೆಗಿದ್ದ ಕ್ಯಾಮೆರಾದ ಗಾಜಿಗೆ, ಒತ್ತಿದ. ಚಿತ್ರವೆಲ್ಲ ಮಸುಕಾಯಿತು. ತುಂಗಾ ಬಾಯಿ ತೆರೆದಳು. ನಾನು ಪಕ್ಕದಲ್ಲೇ ಇದ್ದೆ, ಅವಳು ನಿಜವಾಗಿಯೂ ಬಾಯಿ ತೆರೆದು, ಅಗಿದು, ನುಂಗಿದಳು. "ಚೆನ್ನಾಗೈತಪ್ಪ" ಅಂದಳು. ಆ ಕಡೆ ಮಗು ಕಿಲಕಿಲ ನಕ್ಕಿತು.

ಅವರು ತೂಕ ನೋಡಿಸಿಕೊಂಡು ಹೊರಗಿನ ಜಗಲಿಗೆ ಹೋದ ಮೇಲೆ ಇಂದುಧರ ಬಂದು ಅಂಗಿಯ ಅಂಚಿನಿಂದ ಗಾಜು ಒರೆಸಿದರು. ಮುಖ ತುಂಬ ಹತ್ತಿರ ಬಂತು. ಕಿವಿಯ ಮೇಲೆ ಕೂದಲು ನೆರೆತಿತ್ತು. ಅದನ್ನು ನಾನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ತುಂಗಾ ನೀರು ತರುವ ನೆಪ ಮಾಡಿ ಎದ್ದು ಹೋದಳು. ಅಂಗಡಿಯ ಬೆಂಚಿಲ್ಲ, ಕೇಳುವ ಕಿವಿಗಳಿಲ್ಲ. "ಊಟ ಸರಿಯಾಗಿ ಮಾಡ್ತಿದ್ದೀರಾ?" ಎಂದೆ. "ಹೂಂ. ನೀನು?" "ಹೂಂ."

ಅವರು ಮಕ್ಕಳು ಕೂರುವ ಸಣ್ಣ ಕುರ್ಚಿಯಲ್ಲಿ ಮಂಡಿ ಮೇಲೆತ್ತಿಕೊಂಡು ಕೂತರು. ಕೈಯನ್ನೇ ನೋಡಿಕೊಂಡು, "ನಾನೂ ಬಂದ್ಬಿಡ್ಲಾ ಶಾಂಭವಿ?" ಅಂದರು.

ಬನ್ನಿ ಅನ್ನುವ ಮಾತು ನನ್ನ ಹಲ್ಲಿನವರೆಗೆ ಬಂದಿತ್ತು. ಹೊರಗೆ ತುಂಗಾ ಬಿಂದಿಗೆಯನ್ನು ನೆಲಕ್ಕಿಟ್ಟ ಸದ್ದು ಕೇಳಿಸಿತು. ಅವಳು ಇನ್ನೂ ಬಿಸ್ಕತ್ತಿನ ಗುಂಗಿನಲ್ಲೇ ಏನೋ ಗುನುಗುತ್ತಿದ್ದಳು. "ನೀವು ಬಂದ್ರೆ ಇದನ್ನೆಲ್ಲ ಅಲ್ಲಿ ಯಾರು ನೋಡ್ಕೋತಾರೆ?" ಎಂದೆ. ನನ್ನ ದನಿ ನನಗೇ ಬೇರೆಯವರದು ಅನ್ನಿಸಿತು. "ಅದೇ ಯೋಚನೆ" ಅಂದರು. "ಕಲಿತೀನಿ ಅನ್ನೋರು ಯಾರೂ ಇಲ್ವಾ?" ಅವರು ಬಾಗಿಲ ಕಡೆ ನೋಡಿದರು. "ದ್ಯಾಮಣ್ಣಂಗೆ ಆಸೆ ಇದೆ. ಹೇಗೂ ಅವನು ಮಗ ದೊಡ್ಡೋನಾಗೋವರ್ಗೂ ಇಲ್ಲೇ ಇರ್ತಾನೆ. ಆದ್ರೆ ಅಆಇಈಯಿಂದ ಕಲಿಸ್ಬೇಕು. ಒಬ್ಬನೇ ನಿಭಾಯಿಸೋ ಹೊತ್ತಿಗೆ ಎರಡು ವರ್ಷ ಆದ್ರೂ ಆಗುತ್ತೆ."

ಎರಡು ವರ್ಷ. ಅಷ್ಟರಲ್ಲಿ ಅವರ ಕೂದಲು ಇನ್ನೆಷ್ಟು ನೆರೆಯುತ್ತದೋ, ನನ್ನದು ಎಷ್ಟೋ. ಪರದೆಯ ಮೇಲೆ ಕೈಯಿಟ್ಟರೆ ಏನೂ ಸಿಗುವುದಿಲ್ಲ ಅಂತ ಗೊತ್ತಿದ್ದೂ ಇಟ್ಟೆ. ಅವರ ಭುಜದ ಮೇಲೆ ಒಂದು ಬಿಸ್ಕತ್ತಿನ ಪುಡಿ ಅಂಟಿಕೊಂಡಿತ್ತು.

"ಹಾಗಾದ್ರೆ ಇವತ್ತೇ ಶುರು ಮಾಡಿ" ಅಂದೆ.

ಅವರು ನನ್ನನ್ನು ನೋಡಿದರು. ಆಮೇಲೆ ಆ ಸಣ್ಣ ಕುರ್ಚಿಯಿಂದ ಕಷ್ಟಪಟ್ಟು ಎದ್ದು, ಜಗಲಿಯ ಕಡೆ ತಿರುಗಿ, "ದ್ಯಾಮಣ್ಣಾ, ಸ್ವಲ್ಪ ಒಳಗೆ ಬಾರಪ್ಪ" ಎಂದು ಕರೆದರು.